ಕಲ್ಲಿನ ದೊಡ್ಡಿಯೊಳಗೆ ದನಕ್ಕೆ ಮೇವು ಹಾಕ್ತಿದ್ದದ್ದು ಯಾರು?

ಸರ್, ನಮಸ್ಕಾರ. ಹೋದ ಸಂಚಿಕೆಲಿ ಇಂಗ್ಲೆಂಡಿನ ಹಳೇ ಪಿನ್‌ಫೋಲ್ಡ್ (ಬೀಡಾಡಿ ದನ ಕೂಡಿಹಾಕೋ ಊರ ದೊಡ್ಡಿ) ಫೋಟೋ ನೋಡಿ ಎರಡು ಪ್ರಶ್ನೆ ಕೇಳಿದ್ದೀರಿ: ಬೀಡಾಡಿ ದನ ಕೂಡಿಹಾಕೋದು ಜಮೀನ್ದಾರ್ರು ದುಡ್ಡು ಕೀಳೋ ದಾರಿ ಅಲ್ವಾ, ಒಳಗಿದ್ದ ದನಕ್ಕೆ ಮೇವು ಯಾರು ಹಾಕ್ತಿದ್ರು ಅಂತ.

ಮೇವಿನದ್ದು ಮೊದ್ಲು ಹೇಳ್ತೀನಿ, ಸ್ವಾರಸ್ಯ ಇರೋದೇ ಅಲ್ಲಿ. ಊರಿನ ದೊಡ್ಡಿಗೆ ಮಾಡು ಇರಲ್ಲ, ಸುತ್ತ ಗೋಡೆ, ಒಂದು ಗೇಟು, ಬೀಗ, ಅಷ್ಟೇ. ಇಂಥ ತೆರೆದ ದೊಡ್ಡಿಲಿ ಮೇವು-ನೀರು ದನದ ಯಜಮಾನಂದೇ ಪಾಡು, ಅವನೇ ಬಂದು ಹಾಕ್ಬೇಕು. ಆದ್ರೆ ಹಿಡಿದವನು ತನ್ನ ಕೊಟ್ಟಿಗೆಲಿ ಕಟ್ಟಿಹಾಕಿದ್ರೆ ಹೊಟ್ಟೆಗೆ ಹಾಕೋದು ಅವನ ಹೊಣೆ, ಉಪವಾಸ ಸತ್ರೆ ನಷ್ಟಾನೂ ಅವನಿಗೇ. ಯಾಕಂದ್ರೆ ಕಾನೂನಿನ ಲೆಕ್ಕದಲ್ಲಿ ಆ ದನ ಬರೀ ಒತ್ತೆ, ಬೆಳೆ ಹಾಳಾದ ದುಡ್ಡು ಬರೋವರೆಗೆ ಇಟ್ಕೊಂಡಿರೋದು, ಹಿಡಿದ ಕುದುರೆನ ಗಾಡಿಗೆ ಕಟ್ಟಿ ದುಡಿಸ್ಕೊಳ್ಳೋ ಹಾಗೂ ಇರ್ಲಿಲ್ಲ.

ಇನ್ನು ದುಡ್ಡು ಕೀಳೋದು. ನಿಮ್ಮ ಅನುಮಾನ ಸುಳ್ಳಲ್ಲ, ಅನ್ಯಾಯ ನಡೀತಿತ್ತು, ಇಲ್ದಿದ್ರೆ 1267ರ ಮಾರ್ಲ್‌ಬರೋ ಕಾನೂನಲ್ಲಿ ಹಿಡಿದ ದನನ ಬೇರೆ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಹೊಡ್ಕೊಂಡು ಹೋಗ್ಬಾರ್ದು ಅಂತ ಯಾಕೆ ಬರೀತಿದ್ರು? 1554ರಲ್ಲಿ ಇನ್ನೂ ಬಿಗಿ ಮಾಡಿದ್ರು: ದೊಡ್ಡಿ 3 ಮೈಲಿಗಿಂತ ದೂರ ಇರ್ಬಾರ್ದು, ಫೀಸು 4 ಪೆನ್ಸ್ ಮೀರ್ಬಾರ್ದು. ಹಾಗಂತ ನಂದೇ ದನ ಅಂತ ಬೀಗ ಒಡೆದು ಬಿಡಿಸ್ಕೊಂಡ್ರೆ ಅದು ಅಪರಾಧ. ಆದ್ರೂ ಪೂರ್ತಿ ಜಮೀನ್ದಾರನ ಆಟ ಅನ್ನೋದನ್ನ ನಾನು ಒಪ್ಪಲ್ಲ. ಹೊಲ ಅಂದ್ರೆ ಬೇಲಿ ಇಲ್ಲದ ಉದ್ದುದ್ದ ಪಟ್ಟಿಗಳು, ಒಬ್ಬನ ಹಸು ತಪ್ಪಿಸ್ಕೊಂಡ್ರೆ ಹತ್ತು ಜನ ಬಡ ರೈತರ ಬೆಳೆ ಹೋಯ್ತು, ದೊಡ್ಡಿ ಕಾಯೋ ಪಿಂಡರ್‌ನ ನೇಮಿಸ್ತಿದ್ದದ್ದೂ ಎಷ್ಟೋ ಕಡೆ ಊರಿನ ರೈತರೇ ಕೂರೋ ಮ್ಯಾನರ್ ಕೋರ್ಟು, ಅಂದ್ರೆ ಜಮೀನ್ದಾರನ ಹೆಸರಲ್ಲಿ ನಡೆಯೋ ಊರ ನ್ಯಾಯಸಭೆ.

ಸಸೆಕ್ಸ್ ಕಡೆ ರಸೀದಿಗೆ ಒಂದು ಕಡ್ಡಿ ಇತ್ತಂತೆ. ಗೀಟು ಕೆತ್ತಿ ಉದ್ದಕ್ಕೆ ಸೀಳೋದು, ಅರ್ಧ ದೊಡ್ಡಿ ಕಾಯೋನ ಹತ್ರ, ಇನ್ನರ್ಧ ಬೆಳೆ ಕಳ್ಕೊಂಡವನ ಹತ್ರ. ದನದ ಯಜಮಾನ ನಷ್ಟ ಕಟ್ಟಿ ಆ ಅರ್ಧ ಇಸ್ಕೊಂಡು ಬಂದು ಜೋಡಿಸಿ ತೋರಿಸ್ಬೇಕು, ಗೀಟು ಕೂಡಿದ್ರೆ ಗೇಟು ತೆಗೀತಿದ್ರು. ಓದು ಬರಹ ಬರದವರ ನಡುವೆ ಇದಕ್ಕಿಂತ ಒಳ್ಳೆ ರಸೀದಿ ಇನ್ನೇನಿದೆ ಹೇಳಿ!

ಆಮೇಲೆ 18, 19ನೇ ಶತಮಾನದಲ್ಲಿ ಹೊಲಗಳಿಗೆಲ್ಲ ಬೇಲಿ ಬಿತ್ತು, ದೊಡ್ಡಿಗಳು ಖಾಲಿ ಆದ್ವು. ಅಷ್ಟರಲ್ಲಿ ಬ್ರಿಟಿಷರು ಇದನ್ನೇ 1871ರ ಕ್ಯಾಟಲ್ ಟ್ರೆಸ್‌ಪಾಸ್ ಆಕ್ಟ್ ಮಾಡಿ ಇಲ್ಲಿಗೆ ತಂದಿದ್ರು, ಏಳು ದಿನ ಯಾರೂ ಬರದಿದ್ರೆ ಡಂಗುರ, ಮತ್ತೆ ಏಳು ದಿನ ನೋಡಿ ಹರಾಜು.

ಮಗಳು ನಾಟಿಂಗ್‌ಹ್ಯಾಮ್‌ನಲ್ಲಿ ಇದ್ದಾಳೆ ಅಂತ ಬರೆದಿದ್ದೀರಲ್ಲ, ಅದೇ ಕೌಂಟಿಯ ಲ್ಯಾಕ್ಸ್‌ಟನ್‌ಗೆ ಹೋಗಿ ಬರೋಕೆ ಹೇಳಿ. ಬೇಲಿ ಇಲ್ಲದ ಹೊಲಗಳೂ ಮ್ಯಾನರ್ ಕೋರ್ಟೂ ಅಲ್ಲಿ ಈಗ್ಲೂ ನಡೀತಿವೆ.