ಗಾಯಕರು ಬಿಟ್ಟುಹೋಗುತ್ತಲೇ ಇದ್ದರೂ ಅಮೆರಿಕದ ಲೂಯಿಸಿಯಾನಾ ರಾಜ್ಯದ ಬೂಗಿ ಕಿಂಗ್ಸ್ ಬ್ಯಾಂಡ್ ದಶಕಗಟ್ಟಲೆ ಉಳಿದದ್ದು ಹೇಗೆ?
ಅದು ಒಬ್ಬ ಗಾಯಕನನ್ನೇ ನಂಬಿದ ಬ್ಯಾಂಡ್ ಅಲ್ಲ, ಅದಕ್ಕೇ. 1950ರ ದಶಕದ ನಡುವೆ ಫ್ರೆಂಚ್ ಮೂಲದ ಕೇಜನ್ ಜನರ ಸೀಮೆಯ ಯೂನಿಸ್ ಊರಿನಲ್ಲಿ ಡಗ್ ಆರ್ಡ್ವಾನ್, ಬರ್ಟ್ ಮಿಲ್ಲರ್ ಮೊದಲಾದ ಹುಡುಗರು ಕಟ್ಟಿದ್ದು. ಆರಂಭದಲ್ಲಿ ಸ್ವಾಂಪ್ ಪಾಪ್: ನಿಧಾನ ಲಯ, ಪಿಯಾನೊದಲ್ಲಿ ಪ್ರತಿ ಬೀಟಿಗೆ ಮೂರು ಪೆಟ್ಟು, ಹಿಂದೆ ಸ್ಯಾಕ್ಸೊಫೋನ್. 60ರ ದಶಕದಲ್ಲಿ ಟ್ರಂಪೆಟ್ ವಾದಕ ನೆಡ್ ಥಿಯಾಲ್ ಮುಂದಾಳತ್ವದಲ್ಲಿ ಊದುವ ವಾದ್ಯಗಳ ಸಾಲು ಬೆಳೆದು ಕಪ್ಪು ಅಮೆರಿಕನ್ನರ ಸೋಲ್ (soul) ಸಂಗೀತವೇ ಮೇಲಾಯಿತು.

ಹಣದ ದಾರಿ ಗಡಿಯಲ್ಲಿತ್ತು. ಆಗ ಪಕ್ಕದ ಟೆಕ್ಸಾಸಿನಲ್ಲಿ ಕುಡಿಯಲು 21 ತುಂಬಬೇಕಿತ್ತು, ಲೂಯಿಸಿಯಾನಾದಲ್ಲಿ 18 ಸಾಕಿತ್ತು. ಹಾಗಾಗಿ ಟೆಕ್ಸಾಸಿನ ಹುಡುಗರು ಗಡಿಯ ಸಬೀನ್ ನದಿ ದಾಟಿ ಲೂಯಿಸಿಯಾನಾದ ವಿಂಟನ್ನಿನ ಬಿಗ್ ಓಕ್ಸ್ ಕ್ಲಬ್ಬಿಗೆ ನುಗ್ಗುತ್ತಿದ್ದರು. ಜೆರ್ರಿ ಲಕ್ರಾಯ್, ಜಿ.ಜಿ. ಶಿನ್ ಒಟ್ಟಿಗೆ ಹಾಡಿದ ಆ ಕಾಲವೇ, ನನ್ನ ಮಟ್ಟಿಗೆ, ಬ್ಯಾಂಡಿನ ಉತ್ತುಂಗ. ಮುಂದೆ ಲಕ್ರಾಯ್ ರಾಕ್ ಸಂಗೀತಗಾರ ಎಡ್ಗರ್ ವಿಂಟರ್ ತಂಡಕ್ಕೆ, ಶಿನ್ ಜಾಝ್-ರಾಕ್ ನುಡಿಸುವ ಚೇಸ್ ಬ್ಯಾಂಡಿಗೆ ಹೋದರು. ವಾದ್ಯಗಳ ಸಾಲು ಗಟ್ಟಿಯಾಗಿದ್ದರಿಂದ ಹೊಸ ಕಂಠ ಬಂದು ಸೇರಿಕೊಳ್ಳುತ್ತಿತ್ತು.