ಮೊದಲ ಅಕೌಸ್ಟಿಕ್ ಗಿಟಾರನ್ನು ಮನೆಯಲ್ಲೇ ಕೈಯಾರೆ ಕಟ್ಟುವಾಗ ಕೆಲಸ ಕೆಡುವುದು ಎಲ್ಲಿ?

ಮರಗೆಲಸ ಬರುತ್ತದೆ, ಉಳಿ-ಉಜ್ಜುಗೊರಡು ಹಿಡಿದು ರೂಢಿಯಿದೆ, ಆದರೆ ವಾದ್ಯ ಕಟ್ಟಿಲ್ಲ. ಸ್ಟೀಲ್ ತಂತಿಯ ಗಿಟಾರ್ ಮಾಡಬೇಕೆಂದರೆ ಹಲಗೆಗಳ ದಪ್ಪ ಎಷ್ಟಿರಬೇಕು, ಎಲ್ಲಿ ಹುಷಾರಾಗಿರಬೇಕು ಎಂದು ಕೇಳಿದ್ದೀರಿ. ಎಲ್ಲರೂ ಹೆದರುವುದು ಪಕ್ಕದ ಪಟ್ಟಿಗಳನ್ನು ಬಾಗಿಸುವುದಕ್ಕೆ. ಪಟ್ಟಿ ಮುರಿದರೆ ಇನ್ನೊಂದು ಪಟ್ಟಿ ತೆಗೆದುಕೊಂಡರಾಯಿತು. ಪೂರ್ತಿ ಗಿಟಾರನ್ನೇ ಕೆಡಿಸುವ ಸಂಗತಿಗಳು ಬೇರೆ ಎರಡಿವೆ: ಬ್ರೇಸ್ (ಹಲಗೆಗಳ ಒಳಮೈಗೆ ಬಲ ಕೊಡುವ ಮರದ ಪಟ್ಟಿ) ಅಂಟಿಸುವ ಹೊತ್ತಿನ ಗಾಳಿಯ ತೇವಾಂಶ ಮತ್ತು ನೆಕ್ (ಗಿಟಾರಿನ ಕತ್ತು) ಕೂರುವ ಕೋನ. ಅವೆರಡಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ ಹವೆ ಬದಲಾದಂತೆಲ್ಲ ಹಿಗ್ಗಿ ಕುಗ್ಗುತ್ತದೆ. 400 ಮಿ.ಮೀ. ಅಗಲದ ಸ್ಪ್ರೂಸ್ ಮರದ ಟಾಪ್ (ಪೆಟ್ಟಿಗೆಯ ಮುಂದಿನ ಹಲಗೆ) ಗಾಳಿಯ 70% ತೇವಾಂಶದಿಂದ 40%ಕ್ಕೆ ಬಂದರೆ ಸುಮಾರು 3 ಮಿ.ಮೀ. ಕುಗ್ಗುತ್ತದೆ. ಒಳಮೈಯಲ್ಲಿ ಅಡ್ಡಲಾಗಿ ಅಂಟಿರುವ ಬ್ರೇಸ್‌ಗಳ ನಾರು ಅದೇ ದಿಕ್ಕಿಗೆ ಓಡುವುದರಿಂದ ಅವು ಜೊತೆಗೆ ಕುಗ್ಗಲಾರವು. ಆಗ ಟಾಪ್ ಒಳಕ್ಕೆ ತಗ್ಗುತ್ತದೆ, ಇಲ್ಲವೇ ಸೀಳುತ್ತದೆ. ಒಣ ಹವೆಯಲ್ಲಿ ಕಟ್ಟಿದ ಗಿಟಾರ್ ಮಾತ್ರ ತೇವ ಹೆಚ್ಚಾದಾಗ ಸ್ವಲ್ಪ ಉಬ್ಬಿ, ಒಣಗಿದಾಗ ಮತ್ತೆ ಸರಿಹೋಗುತ್ತದೆ. ಆದ್ದರಿಂದ ಟಾಪ್ ಮತ್ತು ಬ್ಯಾಕಿಗೆ (ಹಿಂದಿನ ಹಲಗೆಗೆ) ಬ್ರೇಸ್ ಅಂಟಿಸುವುದು, ಪೆಟ್ಟಿಗೆ ಮುಚ್ಚುವುದು, ಈ ಕೆಲಸಗಳನ್ನು ತೇವಾಂಶ 40ರಿಂದ 45%ರ ನಡುವೆ ಇದ್ದಾಗ ಮಾತ್ರ ಮಾಡಿ. ಇಡೀ ಕೋಣೆಯನ್ನು ಒಣಗಿಸಲಾಗದಿದ್ದರೆ ಮುಚ್ಚಿದ ಕಪಾಟೊಂದರಲ್ಲಿ ಕಡಿಮೆ ವ್ಯಾಟಿನ ಬಿಸಿ ಬಲ್ಬ್ ಉರಿಸಿ ಹಲಗೆಗಳನ್ನು ಅಲ್ಲಿಡಿ. ದಿನಾ ತೂಗಿ ನೋಡಿ. ತೂಕ ಒಂದೇ ಕಡೆ ನಿಂತರೆ ಮರ ಆ ಹವೆಗೆ ಹೊಂದಿಕೊಂಡಿದೆ ಎಂದರ್ಥ. ಅಗ್ಗದ ತೇವಾಂಶ ಮಾಪಕಗಳು 10% ತಪ್ಪು ತೋರಿಸಿದರೂ ಆಶ್ಚರ್ಯವಿಲ್ಲ. ಅಡುಗೆ ಉಪ್ಪನ್ನು ತುಸು ನೀರಿನಲ್ಲಿ ಕೆಸರಿನಂತೆ ಕಲಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. 75% ತೋರಿಸಬೇಕು, ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಮುಂದೆ ಲೆಕ್ಕಕ್ಕೆ ಹಿಡಿಯಿರಿ.

ದಪ್ಪದ ವಿಚಾರ. ಸಿಟ್ಕಾ ಸ್ಪ್ರೂಸ್ ಟಾಪ್ 2.8ರಿಂದ 3 ಮಿ.ಮೀ., ರೋಸ್‌ವುಡ್ ಅಥವಾ ಮಹಾಗನಿ ಬ್ಯಾಕ್ 2.5 ಮಿ.ಮೀ. ಆಸುಪಾಸು, ಪಕ್ಕದ ಪಟ್ಟಿಗಳು 2ರಿಂದ 2.2 ಮಿ.ಮೀ. ಟಾಪಿನ ಮರ ಕ್ವಾರ್ಟರ್‌ಸಾನ್ ಆಗಿರಲೇಬೇಕು, ಅಂದರೆ ಅಂಚಿನಿಂದ ನೋಡಿದರೆ ವಾರ್ಷಿಕ ಗೆರೆಗಳು ನೆಟ್ಟಗೆ ನಿಂತಿರಬೇಕು. ಎರಡು ಅರ್ಧಗಳನ್ನು ಜೋಡಿಸುವ ಮೊದಲು ಅಂಚುಗಳನ್ನು ಒಂದಕ್ಕೊಂದು ತಾಗಿಸಿ ಬೆಳಕಿನೆದುರು ಹಿಡಿಯಿರಿ. ಎಲ್ಲಿಯೂ ಬೆಳಕು ತೂರಬಾರದು. ಕ್ಲ್ಯಾಂಪ್ ಬಿಗಿದು ಸಂದು ಮುಚ್ಚಿದರೆ ಮುಂದೊಂದು ದಿನ ಸೀಳು ಅಲ್ಲಿಂದಲೇ ಶುರುವಾಗುತ್ತದೆ. ಮರದ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ: 10% ದಪ್ಪ ಹೆಚ್ಚಿದ್ದರೆ ಬಿಗುವು 33% ಹೆಚ್ಚು. ಮೊದಲ ಗಿಟಾರ್ ಸೊರಗಿದ ದನಿ ಕೊಡುವುದು ಸಾಮಾನ್ಯವಾಗಿ ಭಯಕ್ಕೆ ಎಲ್ಲವನ್ನೂ ದಪ್ಪ ಉಳಿಸಿಕೊಂಡಿದ್ದರಿಂದ.

ಬ್ರೇಸ್‌ಗಳಿಗೂ ಇದೇ ಲೆಕ್ಕ. ಸ್ಟೀಲ್ ತಂತಿಗೆ ಎಕ್ಸ್ ಬ್ರೇಸಿಂಗ್ ಹಾಕಿ, ಅಂದರೆ ಎರಡು ಮುಖ್ಯ ಬ್ರೇಸ್‌ಗಳು X ಆಕಾರದಲ್ಲಿ ಒಂದನ್ನೊಂದು ದಾಟಬೇಕು. ಸ್ಪ್ರೂಸನ್ನು ಗರಗಸದಲ್ಲಿ ಕೊಯ್ಯುವ ಬದಲು ಉಳಿಯಿಂದ ಸೀಳಿ ತೆಗೆದರೆ ನಾರು ತುದಿಯಿಂದ ತುದಿಗೆ ಮುರಿಯದೆ ಓಡುತ್ತದೆ. ಎಕ್ಸ್‌ನ ಕಾಲುಗಳು 8 ಮಿ.ಮೀ. ಅಗಲ, ಕೂಡುವ ಜಾಗದಲ್ಲಿ 14-15 ಮಿ.ಮೀ. ಎತ್ತರ ಇರಲಿ. ಎತ್ತರವನ್ನು 15ರಿಂದ 13.5ಕ್ಕೆ ಇಳಿಸಿದರೆ ಬಿಗುವಿನ ಕಾಲುಭಾಗಕ್ಕೂ ಹೆಚ್ಚು ಹೋಗುತ್ತದೆ. ಅಗಲದಲ್ಲಿ ಅಷ್ಟೇ ಪ್ರಮಾಣ ತೆಗೆದರೆ 10% ಮಾತ್ರ. ಆದ್ದರಿಂದ ತೂಕ ಇಳಿಸಲು ಬ್ರೇಸಿನ ಬದಿಗಳನ್ನು ಕೆತ್ತಿ, ಎತ್ತರವನ್ನು ಕೊನೆಗೆ ಮಾತ್ರ ಮುಟ್ಟಿ. ಎರಡು ಕಾಲುಗಳು ಕೂಡುವಲ್ಲಿ ಅರ್ಧರ್ಧ ಕತ್ತರಿಸಿ ಕೂರಿಸುತ್ತೇವಲ್ಲ, ಅಲ್ಲಿ ಮೇಲ್ಮುಖವಾಗಿ ತೆರೆದಿರುವ ಕಚ್ಚು ದುರ್ಬಲ. ಅದರ ಮೇಲೆ ಅಂಟಿನಲ್ಲಿ ನೆನೆಸಿದ ಬಟ್ಟೆ ಅಥವಾ ತೆಳು ಸ್ಪ್ರೂಸ್ ತುಂಡು ಕೂರಿಸಿ. ಬ್ರಿಡ್ಜಿನ (ತಂತಿಗಳನ್ನು ಟಾಪಿನ ಮೇಲೆ ಹಿಡಿದಿಡುವ ಮರದ ತುಂಡು) ಅಡಿಗೆ, ಟಾಪಿನ ಒಳಮೈಗೆ, ಮೇಪಲ್‌ನ 2.5 ಮಿ.ಮೀ. ಬ್ರಿಡ್ಜ್ ಪ್ಲೇಟ್ ಬೇಕು.

ಟಾಪ್ ಪೂರ್ತಿ ಚಪ್ಪಟೆ ಇರುವುದಿಲ್ಲ. ಬ್ರೇಸ್‌ಗಳ ತಳವನ್ನು ಟಾಪಿಗೆ ಸುಮಾರು 8.5 ಮೀಟರ್, ಬ್ಯಾಕಿಗೆ ಸುಮಾರು 4.6 ಮೀಟರ್ ತ್ರಿಜ್ಯಕ್ಕೆ ಉಜ್ಜಿ ಅಂಟಿಸಬೇಕು. 400 ಮಿ.ಮೀ. ಅಗಲಕ್ಕೆ ಇದು ಟಾಪಿನಲ್ಲಿ 2.3 ಮಿ.ಮೀ., ಬ್ಯಾಕಿನಲ್ಲಿ 4.4 ಮಿ.ಮೀ. ಉಬ್ಬು. ತೇವಾಂಶ ಇಳಿದಾಗ ಟಾಪ್ ಸೀಳದೆ ತಗ್ಗಲು ಈ ಉಬ್ಬು ಅವಕಾಶ ಕೊಡುತ್ತದೆ.

ಪಕ್ಕದ ಪಟ್ಟಿಗಳನ್ನು ಬಾಗಿಸುವಾಗ ಬಿಸಿ ಮಾಡಿದ ಕಬ್ಬಿಣದ ಕೊಳವೆಯ ಮೇಲೆ ಬಿದ್ದ ನೀರಿನ ಹನಿ ಪುಟಿದಾಡಬೇಕು, ಸುಮಾರು 150 ಡಿಗ್ರಿ ಸೆಲ್ಸಿಯಸ್. ಸೊಂಟದ ಭಾಗದಿಂದ ಶುರುಮಾಡಿ. ಕೈಯಲ್ಲಿ ಬಲ ಹಾಕಬೇಡಿ. ಮರ ಬಿಸಿಯಾಗಿ ತಾನೇ ಸಡಿಲಗೊಳ್ಳುವ ಕ್ಷಣ ಬೆರಳಿಗೆ ಗೊತ್ತಾಗುತ್ತದೆ, ಆಗ ಬಾಗಿಸಿ, ತಣ್ಣಗಾಗುವವರೆಗೆ ಹಿಡಿದುಕೊಳ್ಳಿ. ನೀರು ಹೆಚ್ಚಾದರೆ ಪಟ್ಟಿಯ ಮೈ ಅಲೆಅಲೆಯಾಗುತ್ತದೆ. ತಕ್ಷಣ ಗಿಟಾರಿನ ಆಕಾರದ ಅಚ್ಚಿನೊಳಗೆ ಕೂರಿಸಿ ಬಿಗಿಯಿರಿ. ಲೈನಿಂಗ್ (ಪಕ್ಕದ ಪಟ್ಟಿ ಹಲಗೆಗೆ ಕೂಡುವ ಒಳ ಅಂಚಿನ ಮರದ ಪಟ್ಟಿ) ಅಂಟಿಸಲು ಬಟ್ಟೆ ಕ್ಲಿಪ್ಪುಗಳು ಸಾಕು. ರೋಸ್‌ವುಡ್ ಎಣ್ಣೆ ಬಿಡುವ ಮರ. ಅಂಟಿಸುವ ಜಾಗವನ್ನು ಅಂಟು ಹಚ್ಚುವ ತುಸು ಮುಂಚೆ ಅಸಿಟೋನ್‌ನಿಂದ ಒರೆಸಿ. ಈ ಮರದ ಪುಡಿ ಉಸಿರಿಗೂ ಚರ್ಮಕ್ಕೂ ಅಲರ್ಜಿ ತರಬಲ್ಲದು, ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಈಗ ನೆಕ್. ಮೊದಲ ಗಿಟಾರಿಗೆ ಡವ್‌ಟೇಲ್ ಕೀಲು (ಪಾರಿವಾಳದ ಬಾಲದಂತೆ ಕೆತ್ತಿ ಕೂರಿಸುವ ಕೀಲು) ಬೇಡವೆಂದೇ ನನ್ನ ಸಲಹೆ. ಎರಡು ಬೋಲ್ಟುಗಳ ಕೀಲು ದನಿಗೆ ಕುಂದು ತರುವುದಿಲ್ಲ, ತಪ್ಪಾದರೆ ಬಿಚ್ಚಿ ಸರಿಪಡಿಸಬಹುದು. 647.7 ಮಿ.ಮೀ. ಸ್ಕೇಲಿನಲ್ಲಿ (ಮಿಡಿಯುವ ತಂತಿಯ ಉದ್ದ) 14ನೇ ಫ್ರೆಟ್ಟಿನ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಬಳಿ ನೆಕ್ ಪೆಟ್ಟಿಗೆಗೆ ಸೇರಿದರೆ, ಅಲ್ಲಿಂದ ಸ್ಯಾಡಲ್‌ಗೆ (ಬ್ರಿಡ್ಜಿನ ಮೇಲೆ ತಂತಿಗಳು ಕೂರುವ ಪಟ್ಟಿ) ಸುಮಾರು 288 ಮಿ.ಮೀ. ಹೀಲ್ (ಪೆಟ್ಟಿಗೆಗೆ ತಾಗುವ ನೆಕ್ಕಿನ ದಪ್ಪ ಬುಡ) ಎತ್ತರ 90 ಮಿ.ಮೀ. ಎಂದುಕೊಳ್ಳೋಣ. ಹೀಲಿನ ಕೆಳತುದಿಯಲ್ಲಿ ಅರ್ಧ ಮಿ.ಮೀ. ಉಜ್ಜಿದರೆ ನೆಕ್ಕಿನ ರೇಖೆ ಬ್ರಿಡ್ಜಿನ ಬಳಿ 1.6 ಮಿ.ಮೀ. ಏರುತ್ತದೆ, 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ 0.8 ಮಿ.ಮೀ. ಇಳಿಯುತ್ತದೆ. ನುಡಿಸಲು ಹಿತವಾದ ಗಿಟಾರಿಗೂ ಕೈ ನೋಯಿಸುವ ಗಿಟಾರಿಗೂ ಇರುವ ಅಂತರ ಇಷ್ಟೇ.

ಗುರಿ ಹೀಗಿರಲಿ: ಫ್ರೆಟ್‌ಗಳ ಮೇಲೆ ನೇರ ಪಟ್ಟಿಯಿಟ್ಟು ಮುಂದಕ್ಕೆ ಚಾಚಿದರೆ ಅದು 9.5 ಮಿ.ಮೀ. ದಪ್ಪದ ಬ್ರಿಡ್ಜಿನ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ಆಗ ಸ್ಯಾಡಲ್ ಬ್ರಿಡ್ಜಿನಿಂದ 3-4 ಮಿ.ಮೀ. ಮೇಲೆ ನಿಲ್ಲುತ್ತದೆ. ಪಟ್ಟಿ ಬ್ರಿಡ್ಜಿನ ಪಕ್ಕಕ್ಕೆ ಬಡಿದರೆ ಕೋನ ಸಾಲದು. ಬ್ರಿಡ್ಜನ್ನು ತೆಳುಮಾಡಿ ಹೊಂದಿಸಲು ಹೋಗಬೇಡಿ. 120 ಗ್ರಿಟ್ ಮರಳುಕಾಗದದ ಪಟ್ಟಿಯನ್ನು ಉರುಟು ಮೈ ಹೀಲಿನ ಕಡೆಗಿರುವಂತೆ ಕೀಲಿನ ಸಂದಿಗೆ ಇಟ್ಟು, ನೆಕ್ಕನ್ನು ಒತ್ತಿಹಿಡಿದು ಹೀಲಿನ ತುದಿಯತ್ತ ಎಳೆಯಿರಿ. ಎರಡೂ ಬದಿಗೆ ಸಮ ಸಂಖ್ಯೆಯಲ್ಲಿ ಎಳೆಯದಿದ್ದರೆ ನೆಕ್ ಒಂದು ಕಡೆ ವಾಲುತ್ತದೆ. ನಾಲ್ಕೈದು ಎಳೆತಕ್ಕೊಮ್ಮೆ ನೇರ ಪಟ್ಟಿಯಿಟ್ಟು ನೋಡಿ, ಜೊತೆಗೆ ಫ್ರೆಟ್‌ಬೋರ್ಡಿನ ಎರಡೂ ಅಂಚಿನ ಗುಂಟ ದಾರ ಎಳೆದು ಅವು ನಡುಗೆರೆಯಿಂದ ಸಮದೂರದಲ್ಲಿವೆಯೇ ಎಂದು ಪರೀಕ್ಷಿಸಿ. ಸೌಂಡ್‌ಹೋಲಿನಿಂದ (ಟಾಪಿನ ದುಂಡು ರಂಧ್ರ) ನೆಕ್ಕಿನವರೆಗಿನ ಟಾಪ್ ಭಾಗವನ್ನು ಮಾತ್ರ ಉಬ್ಬಿಲ್ಲದೆ ಚಪ್ಪಟೆಯಾಗಿ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ಫ್ರೆಟ್‌ಬೋರ್ಡಿನ ಕೊನೆ ಮೇಲಕ್ಕೆದ್ದು ಕೊನೆಯ ಫ್ರೆಟ್‌ಗಳಲ್ಲಿ ತಂತಿ ಗರಗರ ಎನ್ನುತ್ತದೆ.

ಫ್ರೆಟ್‌ಗಳ ಅಂತರಕ್ಕೆ ಸ್ಕೇಲನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.35 ಮಿ.ಮೀ.ಗೆ ಬರುತ್ತದೆ; ಉಳಿದದ್ದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ. 12ನೆಯದು 323.85ಕ್ಕೆ ಬಿದ್ದರೆ ಲೆಕ್ಕ ಸರಿ. ಗುರುತು ಹಾಕುವಾಗ ಪ್ರತಿಯೊಂದನ್ನೂ ನಟ್‌ನಿಂದಲೇ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ) ಅಳೆಯಿರಿ. ಹಿಂದಿನ ಫ್ರೆಟ್ಟಿನಿಂದ ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ.

ಬ್ರಿಡ್ಜಿನ ಜಾಗವನ್ನು ನಕ್ಷೆಯಿಂದ ಗುರುತಿಸದೆ, ನೆಕ್ ಕೂರಿಸಿದ ಮೇಲೆ ನಟ್‌ನಿಂದ 12ನೇ ಫ್ರೆಟ್ಟಿನ ದೂರವನ್ನು ದ್ವಿಗುಣಗೊಳಿಸಿ ಗುರುತಿಸಿ. ಅದಕ್ಕೆ ಮೊದಲ (ಅತಿ ತೆಳು) ತಂತಿಯಲ್ಲಿ ಸುಮಾರು 2.5 ಮಿ.ಮೀ., ಆರನೆಯದರಲ್ಲಿ ಸುಮಾರು 5 ಮಿ.ಮೀ. ಸೇರಿಸಿ, ಒತ್ತಿದಾಗ ತಂತಿ ಬಿಗಿದು ಶ್ರುತಿ ಏರುವುದನ್ನು ಇದು ಸರಿದೂಗಿಸುತ್ತದೆ. ಲೈಟ್ ಗೇಜ್ (ತೆಳು ಬಗೆಯ) ತಂತಿಗಳೇ ಒಟ್ಟು 70 ಕಿಲೋಗೂ ಮಿಕ್ಕಿ ಎಳೆಯುತ್ತವೆ, ಆ ಭಾರವೆಲ್ಲ ಬ್ರಿಡ್ಜಿನ ಅಂಟಿನ ಮೇಲೆ. ಶೆಲಾಕ್ ಅಥವಾ ಲ್ಯಾಕರ್ ಬಳಿದಿದ್ದರೆ ಬ್ರಿಡ್ಜ್ ಕೂರುವಷ್ಟು ಜಾಗದಲ್ಲಿ ಅಂಚಿನವರೆಗೂ ಕೆರೆದು ಬರಿ ಮರ ತೋರಿಸಿ, ಬ್ರಿಡ್ಜಿನ ತಳವನ್ನು ಟಾಪಿನ ಉಬ್ಬಿಗೆ ಹೊಂದಿಸಿ. ಅಂಟಿಗೆ ಹಳದಿ ಮರದಂಟು ಅಥವಾ ಬಿಸಿ ಹೈಡ್ ಗ್ಲೂ (ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು). ನೀರಿಗೆ ಜಗ್ಗದ ಬಗೆಯದು ಬೇಡ, ಮುಂದೆ ರಿಪೇರಿಗೆ ಬಿಚ್ಚುವುದು ಕಷ್ಟ. ಸಾಮಾನ್ಯ ಬಿಳಿ ಅಂಟು ಸತತ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ತಂತಿ ಬಿಗಿಯುವ ಮುನ್ನ ಕನಿಷ್ಠ 24 ಗಂಟೆ ಕಾಯಿರಿ.

ಮೊದಲ ಕೆಲವು ವಾರ ಟಾಪ್ ಎಳೆತಕ್ಕೆ ಒಗ್ಗಿಕೊಳ್ಳುತ್ತಾ ಆಕ್ಷನ್ (ಫ್ರೆಟ್‌ಗಳ ಮೇಲೆ ತಂತಿಯ ಎತ್ತರ) ತುಸು ಏರುವುದು ಸಹಜ, ಆದ್ದರಿಂದ ಸ್ಯಾಡಲ್ಲನ್ನು ಆಗಲೇ ಕೊನೆಯ ಎತ್ತರಕ್ಕೆ ಉಜ್ಜಬೇಡಿ. ಟಾಪ್ ನಿಂತ ಮೇಲೆ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ತಿರುಗಿಸಿ ನೆಕ್ಕಿನ ತಗ್ಗನ್ನು 0.1-0.2 ಮಿ.ಮೀ.ಗೆ ತನ್ನಿ, ನಂತರ 12ನೇ ಫ್ರೆಟ್ಟಿನಲ್ಲಿ ಮೊದಲ ತಂತಿ 1.8, ಆರನೆಯದು 2.4 ಮಿ.ಮೀ. ಬರುವಂತೆ ಸ್ಯಾಡಲ್ಲಿನ ತಳವನ್ನು ಉಜ್ಜಿ. ಅಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ಲಿನಿಂದ 1 ಮಿ.ಮೀ. ತೆಗೆಯಬೇಕಾಗುತ್ತದೆ.