ಎ320 (ಏರ್‌ಬಸ್ ಪ್ರಯಾಣಿಕ ವಿಮಾನ) ಜೆಟ್ ತರಬೇತಿಗೆ ಮುಂಚೆ ಊರಲ್ಲೇ ಏನು ತಯಾರಿ ಮಾಡಲಿ?

ಪುಟ್ಟ ಸೆಸ್ನಾ ವಿಮಾನದಲ್ಲಿ 200 ಗಂಟೆ ಹಾರಿ ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ಆಗಿದೆ, ಬರುವ ತಿಂಗಳು ಬೆಂಗಳೂರಲ್ಲಿ ಎ320 ಸಿಮ್ಯುಲೇಟರ್ ಶುರು, ಅಲ್ಲಿವರೆಗೆ ಶಿರಸಿಯಲ್ಲೇ ಇರುತ್ತೇನೆ ಅಂದಿದ್ದೀರಿ. ಪುಸ್ತಕ ಹೇಗೂ ಓದುತ್ತೀರಿ. ನಾನು ಕಂಡಂತೆ ಹೊಸಬರು ಸೋಲುವುದು ಓದಿನಲ್ಲಲ್ಲ, ವಿಮಾನ ಮುಂದೆ ಓಡಿ ತಲೆ ಹಿಂದೆ ಉಳಿದಾಗ.

ಮೊದಲು ಇಳಿಯುವ ಲೆಕ್ಕ ಬಾಯಿಪಾಠ ಆಗಲಿ. ಸಾವಿರ ಅಡಿಗೆ 3 ನಾಟಿಕಲ್ ಮೈಲು. 10,000 ಅಡಿ ಕಳೆಯಲು 30 ಮೈಲು ಬೇಕು, ವೇಗ ತಗ್ಗಿಸಲು ಇನ್ನಷ್ಟು. 3 ಡಿಗ್ರಿ ಇಳಿಜಾರಿನಲ್ಲಿ ಇಳಿಯುವ ದರ ಗ್ರೌಂಡ್ ಸ್ಪೀಡ್‌ನ (ನೆಲಕ್ಕೆ ಹೋಲಿಸಿದ ವೇಗ) ಐದು ಪಟ್ಟು: 140 ನಾಟ್‌ಗೆ ನಿಮಿಷಕ್ಕೆ 700 ಅಡಿ. ಅರಬೈಲ್ ಘಟ್ಟ ಇಳಿಯುವ ಲೋಡ್ ಲಾರಿ ಡ್ರೈವರ್ ನೆತ್ತಿಯಲ್ಲೇ ಗೇರ್ ತಗ್ಗಿಸುತ್ತಾನೆ, ತಿರುವು ಬಂದ ಮೇಲೆ ಬ್ರೇಕ್ ಹುಡುಕುವುದಿಲ್ಲ. ಇಲ್ಲೂ ಹಾಗೆ. ಎ320 ಒಟ್ಟಿಗೇ ಇಳಿಯುತ್ತಾ ನಿಧಾನವೂ ಆಗು ಅಂದರೆ ಸುಲಭಕ್ಕೆ ಕೇಳುವುದಿಲ್ಲ. ಸ್ಪೀಡ್‌ಬ್ರೇಕ್ (ರೆಕ್ಕೆ ಮೇಲೆ ಏಳುವ ತಡೆಹಲಗೆ), ಲ್ಯಾಂಡಿಂಗ್ ಗೇರ್ (ಚಕ್ರಗಳು) ಬೇಗ ಯೋಚಿಸಿ.

ಐಡಲ್‌ನಲ್ಲಿರುವ (ಅತಿ ಕಡಿಮೆ ಬಲದಲ್ಲಿ ಓಡುತ್ತಿರುವ) ಜೆಟ್ ಎಂಜಿನ್ ಥ್ರಸ್ಟ್ ಲಿವರ್ ತಳ್ಳಿದ ತಕ್ಷಣ ಪೂರ್ತಿ ಬಲ ಕೊಡುವುದಿಲ್ಲ, ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅದಕ್ಕೇ 1,000 ಅಡಿಗೆ ಇಳಿಯುವಷ್ಟರಲ್ಲಿ ಗೇರ್, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಕೆ), ವೇಗ ಎಲ್ಲ ಕೂತಿರಬೇಕು, ಎಂಜಿನ್ ಐಡಲ್‌ಗಿಂತ ಮೇಲಿರಬೇಕು. ಇಲ್ಲವಾದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ಅದರಲ್ಲಿ ನಾಚಿಕೆ ಬೇಡ.

ಸೈಡ್‌ಸ್ಟಿಕ್ಕನ್ನು (ಪಕ್ಕದಲ್ಲಿರುವ ಹಾರಾಟದ ಹಿಡಿಕೆ) ಮುಷ್ಟಿಯಲ್ಲಿ ಹಿಡಿದು ಮಜ್ಜಿಗೆ ಕಡೆದ ಹಾಗೆ ಆಡಿಸುವವರೇ ಹೆಚ್ಚು. ಬೆರಳ ತುದಿಯಲ್ಲಿ ಚೂರು ಒತ್ತಿ, ಬಿಡಿ, ನೋಡಿ. ಸ್ಟಿಕ್ ನಡುವಿಗೆ ಬಂದಾಗ ವಿಮಾನ ತಾನೇ ಆ ದಾರಿ ಹಿಡಿದುಕೊಳ್ಳುತ್ತದೆ. ಅದು ಸರಿಹೋಗುವ ಮೊದಲೇ ಮತ್ತೆ ಅಲುಗಾಡಿಸಿದರೆ ತೂಗಾಟ ಶುರು. ಲ್ಯಾಂಡಿಂಗ್‌ನಲ್ಲಿ ಸುಮಾರು 30 ಅಡಿಗೆ ಮೂಗು ಮೆಲ್ಲಗೆ ಎತ್ತಿ. ಸೆಸ್ನಾದ ಕಣ್ಣಳತೆ ಮರೆತುಬಿಡಿ, ನೀವು ಕೂತಿರುವುದು ತುಂಬಾ ಎತ್ತರದಲ್ಲಿ.

ಈಗ ಮನೆಕೆಲಸ. ಕಾಕ್‌ಪಿಟ್‌ನ ದೊಡ್ಡ ಪೋಸ್ಟರ್ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿ. ಮಳೆಗೆ ಕರೆಂಟು ಹೋದರೂ ಈ ಅಭ್ಯಾಸ ನಿಲ್ಲುವುದಿಲ್ಲ. ತಲೆ ಮೇಲಿರುವ ಓವರ್‌ಹೆಡ್ ಪ್ಯಾನೆಲ್‌ನ ಒಂದೊಂದು ಸ್ವಿಚ್ಚನ್ನೂ ಕ್ರಮವಾಗಿ ಮುಟ್ಟುತ್ತಾ ಜೋರಾಗಿ ಹೇಳಿ. ಉರಿಯುವ ಬಿಳಿ ದೀಪಗಳನ್ನು ಆರಿಸುತ್ತಾ ಹೋಗುವುದೇ ಅಲ್ಲಿನ ಸೂತ್ರ. ಮನೆಯವರ ಕೈಗೆ ಚೆಕ್‌ಲಿಸ್ಟ್ ಕೊಟ್ಟು ಓದಿಸಿ, ನೀವು ಉತ್ತರಿಸಿ. ಪದಗಳು ನಿಮ್ಮ ಕಂಪನಿಯ ಎಸ್‌ಒಪಿಯಲ್ಲಿ (ನಿಗದಿತ ಕಾರ್ಯವಿಧಾನ) ಇದ್ದ ಹಾಗೇ ಬರಲಿ, ‘ಹೆಚ್ಚುಕಮ್ಮಿ ಅದೇ’ ಆಗದು.

ಮೆಮೊರಿ ಐಟಂಗಳು (ತುರ್ತಿನಲ್ಲಿ ಪುಸ್ತಕ ನೋಡದೆ ಮಾಡುವ ಹೆಜ್ಜೆಗಳು) ನಿದ್ದೆಯಲ್ಲೂ ಬರಬೇಕು. ಆದರೆ ವಿ1 (ಇದಾದ ಮೇಲೆ ಟೇಕಾಫ್ ನಿಲ್ಲಿಸುವಂತಿಲ್ಲ ಎನ್ನುವ ವೇಗ) ದಾಟಿ ಎಂಜಿನ್ ಕೈಕೊಟ್ಟಾಗ ಆತುರವೇ ಶತ್ರು: ರಡರ್‌ನಿಂದ (ಬಾಲದ ಚುಕ್ಕಾಣಿ) ಮೂಗು ನೇರ ಇಡಿ, ಮೆಲ್ಲಗೆ 12.5 ಡಿಗ್ರಿಗೆ ಎತ್ತಿ, ಏರುತ್ತಿದ್ದಂತೆ ಗೇರ್ ಮೇಲಕ್ಕೆ. 400 ಅಡಿವರೆಗೆ ಇಕ್ಯಾಮ್ (ದೋಷ, ಅದಕ್ಕೆ ಮಾಡಬೇಕಾದ್ದು ತೋರಿಸುವ ಪರದೆ) ಹೇಳುವ ಕೆಲಸ ಯಾವುದೂ ಬೇಡ, ಹಾರಿಸುವುದಷ್ಟೇ.

ಸಿಮ್ಯುಲೇಟರ್ ಸ್ಲಾಟ್ ರಾತ್ರಿ ಎರಡಕ್ಕೂ ಬರಬಹುದು, ಒಂದು ಸೆಷನ್ ಸಾಮಾನ್ಯವಾಗಿ ನಾಲ್ಕು ಗಂಟೆ. ಶಿರಸಿಯಿಂದ ರಾತ್ರಿ ಬಸ್ಸಿಗೆ ಬಂದು ಅದೇ ದಿನ ಸಿಮ್ಯುಲೇಟರ್ ಹತ್ತಬೇಡಿ. ಎರಡು ದಿನ ಮುಂಚೆ ಬಂದು ನಿದ್ದೆಯ ಹೊತ್ತು ಬದಲಿಸಿಕೊಳ್ಳಿ.